ಅಕ್ಕನ ಕಪ್ಪು, ನನ್ನ ಬಸಿ

ಹ್ಯಾಂಬರ್ಗಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕಣ್ಣೆದುರೇ ಬಿಳಿ ಕೋಟಿನ ಗೌರವಸ್ಥ ಹೆಂಗಸೊಬ್ಬಳು ಚಮಚದಿಂದ ಚಹಾವನ್ನು ಸೊರ್ರೆಂದು ಎಳೆದು, ಬಾಯಲ್ಲಿ ಹೊರಳಾಡಿಸಿ, ಪಕ್ಕದ ಉದ್ದನೆಯ ಪಾತ್ರೆಗೆ ಉಗುಳಿದಳು. ಹಾಗೆ ಹದಿನಾರು ಬಟ್ಟಲು, ಹದಿನಾರು ಸಲ ಉಗುಳು. ಕೊಟ್ಟ ಚಹಾ ಒಲ್ಲೆ ಅಂದರೆ ಮನೆಯವರು ಮುಖ ಸಣ್ಣ ಮಾಡಿಕೊಳ್ಳುವ ಸೀಮೆಯವಳು ನಾನು. ಇದೆಂಥ ದರಿದ್ರ ಕೆಲಸ ಅಂದುಕೊಂಡೆ.

ಆಕೆಯ ಹೆಸರು ಹೆಲ್ಗಾ. ನಾನು ಸೇರಿದ ಚಹಾ ಅಂಗಡಿಯಲ್ಲಿ ರುಚಿ ನೋಡುವುದೇ ಆಕೆಯ ನೌಕರಿ. ನನ್ನದು ಪೊಟ್ಟಣ ಕಟ್ಟುವುದು. ನನ್ನ ಯಜಮಾನರು ಜೇವರ್ಗಿಯವರು, ಇಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಅವರ ಹಿಂದೆ ನಾನು ಬಂದೆ. ಮಾಳಿಗೆಯ ಮೇಲಿನ ಒಂದೇ ಕೋಣೆ ನಮ್ಮ ಮನೆ. ಇಳಿಜಾರು ಸೂರು, ಮೈಮರೆತು ಎದ್ದರೆ ಹಣೆಗೆ ಬಡಿಯುತ್ತದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಎದುರುಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ ತಲೆಯಾಡಿಸುವುದು ಬಿಟ್ಟರೆ ಇಡೀ ದಿನ ನನ್ನನ್ನು ಮಾತಾಡಿಸುವವರಿಲ್ಲ. ಆ ಮೊದಲ ಚಳಿಗಾಲದಲ್ಲಿ ಊರಿಗೆ ಹೋಗಿಬಿಡುತ್ತೇನೆಂದು ಎರಡು ಸಲ ಪೆಟ್ಟಿಗೆ ಕಟ್ಟಿದ್ದೆ. ಎರಡು ಸಲವೂ ಅಕ್ಕ ಫೋನಿನಲ್ಲೇ ಬಿಚ್ಚಿಸಿದಳು.

ಅಕ್ಕ ಅಂದರೆ ನನಗಿಂತ ಏಳು ವರ್ಷ ದೊಡ್ಡವಳು, ಆಳಂದಕ್ಕೆ ಕೊಟ್ಟ ಮಹಾದೇವಿ. ನಮ್ಮ ತವರು ಭೀಮಾ ದಂಡೆಯ ಮಣ್ಣೂರು. ಅಲ್ಲಿ ನಾವಿಬ್ಬರೂ ಒಂದೇ ಚಹಾ ಕುಡಿದು ಬೆಳೆದವರು. ಕಪ್ಪು ಅಕ್ಕನದು, ಬಸಿ ನನ್ನದು. ಅರ್ಧ ಚಹಾ ಬಸಿಗೆ ಸುರಿದು, ಊದಿ, ಆರಿದ ಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ನಮ್ಮಿಬ್ಬರ ಮದುವೆಯಾದ ಮೇಲೂ, ಯಾರ ಮನೆಯಲ್ಲಿ ಕೂತರೂ, ಅವಳು ಬಸಿ ನನ್ನ ಕಡೆ ಸರಿಸುವುದು ತಪ್ಪಲಿಲ್ಲ.

ಉಗುಳುವ ಸಂಗತಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು.

"ಅಯ್ಯ ನಮ್ಮವ್ವನ! ಬಾಯಾಗಿನ ಚಹಾ ಉಗಳ್ತಾರ? ನಮ್ಮ ಅವ್ವ ಎಲಿಅಡಕಿ ಉಗಳ್ತಿದ್ದ ಪೀಕದಾನಿ ಇಲ್ಲೇ ಅದ ಬೇ, ಕಳಿಸ್ಲೇನ?"

"ಕುಡದ್ರ ನಾಲಿಗಿ ಕೆಡ್ತದಂತ ಅಕ್ಕ. ರುಚಿ ಬಾಯಾಗ ತಿಳೀತದಂತ, ನುಂಗೂದು ಬ್ಯಾಡಂತ."

"ಹಂಗೇನು?" ಅಂದಳು. ನುಂಗೂದು ಬ್ಯಾಡೇನು ಅಂತ ಇನ್ನೊಮ್ಮೆ ಕೇಳಿಕೊಂಡಳು. "ನನಗೂ ಒಂದಿಷ್ಟು ಕಳಿಸು. ನಾನೂ ಹೇಳ್ತೇನಿ, ಹ್ಯಾಂಗ ಅದ ಅಂತ."

ಅಲ್ಲಿಂದ ಶುರುವಾಯಿತು. ಊರಿಗೆ ಹೋಗುವವರ ಕೈಯಲ್ಲಿ ನಾನು ಸಣ್ಣ ಸಣ್ಣ ಪೊಟ್ಟಣ ಕಳಿಸುವುದು, ಭಾನುವಾರ ಇಬ್ಬರೂ ಫೋನು ಹಚ್ಚಿ ಒಂದೇ ಚಹಾದ ರುಚಿ ನೋಡುವುದು. ಇಲ್ಲಿಯವರಿಗೆ ಚಹಾ ಅಂದರೆ ಚಹಾಪುಡಿಯೇ ಆಗಬೇಕೆಂದಿಲ್ಲ. 'ಕ್ರೊಯ್ಟರ್ ಟೇ' ಅಂದರೆ ಸೊಪ್ಪುಸದೆಯದು, 'ಫ್ರುಷ್ಟೆ ಟೇ' ಅಂದರೆ ಒಣಹಣ್ಣಿನದು. ಹಾಲಿಲ್ಲ, ಶುಂಠಿ ಜಜ್ಜುವುದಿಲ್ಲ. ಕಪ್ಪೂ ಅಲ್ಲ, ಲೋಟವೂ ಅಲ್ಲದ ದಪ್ಪನೆಯ ಮಗ್ಗಿನಲ್ಲಿ ಸುರಿದುಕೊಂಡು ಒಬ್ಬೊಬ್ಬರೇ ಕಿಟಕಿಯ ಹತ್ತಿರ ಕೂತು ಕುಡಿಯುತ್ತಾರೆ. ಬಸಿ ಎಂಬುದು ಆ ಮಗ್ಗಿಗೆ ಇಲ್ಲವೇ ಇಲ್ಲ.

ಮೊದಲು ಕಳಿಸಿದ್ದು ಕಾಮಿಲೆ. ನಮ್ಮ ಸೇವಂತಿಗೆಯ ಸಣ್ಣ ತಂಗಿಯಂಥ ಹೂವು, ನಿದ್ದೆಗೆ ಒಳ್ಳೆಯದಂತೆ. ಅಕ್ಕ ಅಂದಳು, "ಮಳಿ ಬಂದು ಹೋದ ಮ್ಯಾಗ ಕಣಕಿ ಬಣವಿ ವಾಸನಿ ಬರ್ತದಲಾ, ಅದ ಇದು. ನಮ್ಮ ಎಮ್ಮಿಗೆ ಕುಡಸ್ತೇನಿ." ಬಡೇಸೋಪಿನ ಚಹಾಕ್ಕೆ "ಬಾಣಂತಿ ನೀರು" ಅಂದಳು. ಮಜ್ಜಿಗೆ ಹುಲ್ಲಿನದನ್ನು ನೋಡಿದಾಗಂತೂ ಸಿಟ್ಟೇ ಬಂತು. "ಇದು ಗವತಿ ಚಹಾ ಅಲ್ಲೇನ? ನನ್ನ ಹಿತ್ತಲದಾಗ ಡಬ್ಬಿ ತುಂಬ ಬೆಳದದ. ಅದನ್ನ ಜರ್ಮನಿಯಿಂದ ಕಳಿಸ್ತಿ, ನಿನಗ ಬುದ್ಧಿ ಅದನೋ ಇಲ್ಲೋ?"

ಕಾಮಿಲೆಯ ರುಚಿ ನೋಡಿದ ಮರುದಿನ ಹೆಲ್ಗಾಳ ಮುಂದೆ ಅಕ್ಕನ ಮಾತನ್ನು ನನ್ನ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದೆ. ಮಳೆಯಲ್ಲಿ ನೆನೆದ ಒಣಹುಲ್ಲು ಎಂದಾಗ ಆಕೆ ಕಾಮಿಲೆಯ ಡಬ್ಬಿಯನ್ನು ಮತ್ತೊಮ್ಮೆ ಮೂಸಿ, ಈ ಸಲದ ಮಾಲಿಗೆ ತೇವ ತಗುಲಿದೆ ಅಂತ ಕಂಡುಹಿಡಿದಳು. ಪೂರ್ತಿ ಮೂಟೆ ವಾಪಸು ಹೋಯಿತು. ಆಮೇಲೆ ಪ್ರತಿ ಸೋಮವಾರ "ನಿನ್ನ ಅಕ್ಕ ಏನಂದಳು?" ಅಂತ ಆಕೆಯೇ ಕೇಳತೊಡಗಿದಳು. ಒಂದು ವರ್ಷದಲ್ಲಿ ನನ್ನನ್ನು ಪೊಟ್ಟಣದ ಕೋಣೆಯಿಂದ ತನ್ನ ಮೇಜಿಗೆ ಕರೆಸಿಕೊಂಡಳು. ಅಕ್ಕನ ನಾಲಿಗೆಯಿಂದ ನನಗೆ ಬಡ್ತಿ ಸಿಕ್ಕಿತು, ಸುಳ್ಳೇಕೆ ಹೇಳಲಿ.

ಆ ಖುಷಿಯಲ್ಲೇ ನಾನೊಂದು ತಪ್ಪು ಮಾಡಿದೆ.

ಇಲ್ಲಿಯ ಹಣ್ಣಿನ ಚಹಾಗಳೆಲ್ಲ ರಕ್ತಗೆಂಪು. ಸೇಬು ಬರೆದಿರಲಿ, ಚೆರಿ ಬರೆದಿರಲಿ, ಆ ಬಣ್ಣವೂ ಹುಳಿಯೂ ಹೆಚ್ಚಾಗಿ ಬರುವುದು ನಮ್ಮ ಪುಂಡಿಸೊಪ್ಪಿನ ಜಾತಿಯ ಗಿಡದ, ಹೂವಿನ ಬುಡದ ಕೆಂಪು ದಳದಿಂದ. ರೊಟ್ಟಿಯ ಜೊತೆ ತಿಂದು ಬೆಳೆದ ಪುಂಡಿಯ ಹುಳಿ ಹ್ಯಾಂಬರ್ಗಿನ ಬಟ್ಟಲಲ್ಲಿ ಸಿಕ್ಕಾಗ ನನಗೆ ಅಳುವೇ ಬಂದಿತ್ತು. ಅದನ್ನು ಅಕ್ಕನಿಗೆ ಕಳಿಸಿದ್ದೆ. ಆ ಭಾನುವಾರ ವಿಡಿಯೋದಲ್ಲಿ ಅವಳು ಮೂಸಿದಳು, ತುಟಿಗೆ ತಾಕಿಸಿದಳು, "ಪುಂಡಿ! ಖರೇನ ಪುಂಡಿ ಬೇ!" ಅಂದು ಕಪ್ಪು ಕೆಳಗಿಟ್ಟುಬಿಟ್ಟಳು.

"ಪೂರ್ತಿ ಕುಡಿ," ಅಂದೆ.

"ಆಮ್ಯಾಲ ಕುಡಿತೇನಿ."

"ಯಾವಾಗಲೂ ಹಂಗ ಅಂತಿ. ನಾ ಕಳಿಸಿದ್ದು ನಿನಗ ಸೇರೂದಿಲ್ಲ, ಸುಮ್ನ ನನ್ನ ಸಮಾಧಾನಕ್ಕ ನಾಟಕ ಮಾಡ್ತಿ. ಈಗ ನನ್ನ ಮುಂದ ಕುಡಿ. ಇಲ್ಲಂದ್ರ ಇನ್ನ ಕಳಿಸೂದಿಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಪ್ಪೆತ್ತಿ, ನಿಧಾನವಾಗಿ, ಕಣ್ಣು ಮುಚ್ಚಿ, ತಳ ಕಾಣುವವರೆಗೆ ಕುಡಿದಳು. "ಹೊಟ್ಟಿ ತಂಪಾತು, ತಂಗಿ," ಅಂದಳು.

ಮರುದಿನ ಫೋನು ಎತ್ತಲಿಲ್ಲ. ಅದಕ್ಕೂ ಮುಂಚೆ ವಾರಕ್ಕೆರಡು ದಿನ ಹಾಗೇ ಆಗುತ್ತಿತ್ತು. ಕೇಳಿದರೆ ಕಲಬುರಗಿಗೆ ಸೀರೆ ಅಂಗಡಿಗೆ ಹೋಗಿದ್ದೆ ಅನ್ನುತ್ತಿದ್ದಳು. "ವಾರಕ್ಕ ಎರಡು ಸಲ ಸೀರಿ! ಯಾವ ರಾಣಿ ಆಗೀದಿ?" ಅಂತ ಕಾಡಿಸುತ್ತಿದ್ದೆ. ಸುಡಲಿ ನನ್ನ ಬಾಯಿ.

ನಾಲ್ಕು ತಿಂಗಳಾದ ಮೇಲೆ ಅವಳ ಮಗಳು ಭಾಗ್ಯಳ ಫೋನು ಬಂತು. ಅಕ್ಕ ಹೋಗಿಬಿಟ್ಟಿದ್ದಳು. ನಾನು ಆಳಂದ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನ ಕಳೆದಿತ್ತು. ಮುಖ ಸಿಗಲಿಲ್ಲ.

ಭಾಗ್ಯ ಅಡುಗೆಮನೆಯ ಮಾಡದಿಂದ ಎರಡು ವಸ್ತು ತಂದು ನನ್ನ ಮುಂದಿಟ್ಟಳು. ಒಂದು, ನಾನು ಕಳಿಸಿದ ಪೊಟ್ಟಣಗಳ ಸ್ಟೀಲ್ ಡಬ್ಬಿ. ಒಂದೊಂದರಿಂದಲೂ ಒಂದೇ ಚಿಟಿಕೆ ಖರ್ಚಾಗಿತ್ತು. ಇನ್ನೊಂದು, ನಮ್ಮವ್ವನ ಹಿತ್ತಾಳೆ ಪೀಕದಾನಿ.

"ಅವ್ವನ ಕಿಡ್ನಿ ಹೋಗಿದ್ವು ಚಿಗವ್ವ," ಅಂದಳು. "ಎರಡು ವರ್ಷ ಆತು. ವಾರಕ್ಕ ಎರಡು ಸಲ ಕಲಬುರಗಿ ದವಾಖಾನಿಗೆ ಡಯಾಲಿಸಿಸಿಗೆ ಒಯ್ತಿದ್ವಿ. ನೀರು ಅಳದು ಕೊಡ್ತಿದ್ವಿ. ಈ ಸೊಪ್ಪು, ಹಣ್ಣಿನ ಚಹಾ ಏನೂ ಕೊಡಬ್ಯಾಡ್ರಿ ಅಂದಿದ್ರು ಡಾಕ್ಟರ್. ಅವ್ವ ಬಾಯಾಗ ಹಾಕ್ಕೊಂಡು ಇದರಾಗ ಉಗಳ್ತಿದ್ದಳು. 'ನನ್ನ ತಂಗೀನ ಕಲಿಸ್ಯಾಳ, ರುಚಿಗೆ ನುಂಗೂದು ಬೇಕಿಲ್ಲ' ಅಂತಿದ್ದಳು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಪೆಟಿಗಿ ಕಟಗೊಂಡು ಬಂದುಬಿಡ್ತಾಳ, ಈಗ ಅಲ್ಲಿ ಕಾಲು ಊರ್‍ಯಾಳ ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಿದ್ದಳು."

ಆ ಕೆಂಪು ಚಹಾದ ಬಗ್ಗೆ ನಾನು ಕೇಳಬೇಕಾಗಲಿಲ್ಲ. ಅವಳೇ ಹೇಳಿದಳು. ಅವತ್ತು ಸಂಜೆಗೆ ಅಕ್ಕನಿಗೆ ಉಸಿರು ಕಟ್ಟಿ ಗಾಡಿ ಮಾಡಿಕೊಂಡು ಓಡಿದ್ದರಂತೆ. "ಎರಡು ದಿನಕ್ಕ ಆರಾಮಾದಳು. ಅದರಿಂದ ಹೋಗಿಲ್ಲ ಚಿಗವ್ವ, ಹಂಗ ತಿಳ್ಕೋಬ್ಯಾಡ. ಗಾಡ್ಯಾಗ ಕೂತಾಗೂ ನಗತಿದ್ದಳು. ಎಷ್ಟು ದಿವಸಕ್ಕ ಒಂದು ಕಪ್ಪು ಪೂರ್ತಿ ಕುಡದೆ ನೋಡು ಅಂತಿದ್ದಳು."

ನಾನು ಪೀಕದಾನಿ ತೊಡೆಯ ಮೇಲಿಟ್ಟುಕೊಂಡು ಮನಸಾರೆ ಅತ್ತೆ. ತಂಗಿಯನ್ನು ಒಂಟಿ ಊರಲ್ಲಿ ನಿಲ್ಲಿಸಲಿಕ್ಕೆ ಎರಡು ವರ್ಷ ಬಾಯಾರಿ ಕೂತವಳ ಮೇಲೆ ನಾನು ಮುನಿಸಿಕೊಂಡು ಹಠ ಮಾಡಿದ್ದೆ. ಅದರಿಂದ ಹೋಗಿಲ್ಲ ಎಂದು ಭಾಗ್ಯ ಎಷ್ಟು ಹೇಳಿದರೂ ನನ್ನ ಎದೆ ಒಪ್ಪುವುದಿಲ್ಲ.

ಈಗ ಮತ್ತೆ ಹ್ಯಾಂಬರ್ಗಿನಲ್ಲಿದ್ದೇನೆ. ಅದೇ ಮೇಜು, ಅದೇ ಹದಿನಾರು ಬಟ್ಟಲು. ಆದರೆ ಉಗುಳಲಾಗುವುದಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ನುಂಗುತ್ತೇನೆ. ಹೆಲ್ಗಾ ಮೊದಲು ಬೈದಳು, ಕಾರಣ ಹೇಳಿದ ಮೇಲೆ ಉಗುಳುವ ಪಾತ್ರೆಯನ್ನು ನನ್ನ ಪಕ್ಕದಿಂದ ತೆಗೆದಿಟ್ಟಳು. ಸೋಮವಾರ ಈಗ ಆಕೆ ಏನೂ ಕೇಳುವುದಿಲ್ಲ.

ಊರಿಗೆ ಬಂದುಬಿಡು ಅನ್ನುತ್ತಾಳೆ ಭಾಗ್ಯ. ಯಾವ ಊರು? ಇಲ್ಲಿ ಮಗ್ಗಿಗೆ ಬಸಿಯೇ ಇಲ್ಲ. ಅಲ್ಲಿ, ಆಳಂದ ಬಿಡುವ ದಿನ, ಭಾಗ್ಯ ಕಪ್ಪು ಬಸಿಯಲ್ಲಿ ಹಾಲಿನ ಚಹಾ ತಂದುಕೊಟ್ಟಳು. ಅಕ್ಕ ಮಾಡುತ್ತಿದ್ದಂತೆ ನಾನೇ ಬಸಿಗೆ ಅರ್ಧ ಸುರಿದು ಕಾಯುತ್ತ ಕೂತೆ. ಕಪ್ಪು ಎತ್ತಿಕೊಳ್ಳಲು ಯಾರೂ ಬರಲಿಲ್ಲ.

"ಯಾಕ ಚಿಗವ್ವ," ಅಂದಳು ಭಾಗ್ಯ, "ಪೂರ್ತಿ ನಿಂದ ಅದ, ಕುಡಿ."