ವಾರಕ್ಕೊಮ್ಮೆ ತಿನ್ನುವ ಮಾಂಸದಂಗಡಿಯವರು

ನಮ್ಮ ಮಾವನನ್ನು ಬೀದಿಗೆ ಬೀದಿಯೇ ‘ಕೈಮಾ ಮಾವ’ ಎಂದು ಕರೆಯುತ್ತದೆ. ನಿಜಕ್ಕೂ ಅವರು ಮಾವ ಆಗುವುದು ನನಗೊಬ್ಬಳಿಗೆ. ಅಮ್ಮನ ತಮ್ಮ. ಉಳಿದವರೆಲ್ಲ ತಾವಾಗಿಯೇ ಬಂದು ನೆಂಟರಾದವರು. ಬಂದರಿನಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವರಿಗೂ ನಡುವೆ ಅವರ ಮಾಂಸದಂಗಡಿ ಇದೆ. ಕತ್ತಿ ಅವರದು, ಗಲ್ಲಾ ನನ್ನದು. ಬಾಯಿ ಜೋರಿರುವವರೇ ಗಲ್ಲಾದಲ್ಲಿ ಕೂರಬೇಕು ಎಂಬುದು ಅವರ ಲೆಕ್ಕಾಚಾರ, ಹಾಗಾಗಿ ಆ ಕೆಲಸಕ್ಕೆ ನಮ್ಮ ಮನೆತನದಲ್ಲಿ ನನಗೆ ಪೈಪೋಟಿಯೇ ಇರಲಿಲ್ಲ.

ಹಡಗಿನ ಅಡುಗೆಯವರು, ಕ್ರೇನು ಓಡಿಸುವವರು, ಆಸ್ಪತ್ರೆಯ ನರ್ಸುಗಳು, ಎಲ್ಲೆಲ್ಲಿಂದಲೋ ಬಂದು ಇಲ್ಲಿ ಮನೆ ಮಾಡಿಕೊಂಡವರು, ಎಲ್ಲರೂ ಬರುವುದು ಮಾವನ ಮಸಾಲೆ ಕೈಮಾಕ್ಕೆ. ಆ ಕೊಚ್ಚಿದ ಮಾಂಸವನ್ನು ಅವರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕಲಸುತ್ತಾರೆ. ಉಪ್ಪು, ಮೆಣಸು, ಈರುಳ್ಳಿ ಹಾಕಿ ಮೊಣಕೈವರೆಗೂ ಕೈ ಇಳಿಸಿ ಕಲಸಿದ ಮೇಲೆ ಒಂದು ಗೋಲಿಯಷ್ಟು ಉಂಡೆ ಮಾಡಿ, ಹಿಂದಿನ ಕೋಣೆಯ ಒಲೆಯ ಮೇಲೆ ಪುಟ್ಟ ಬಾಣಲೆಯಲ್ಲಿ ಹುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ‘ಹೂಂ’ ಎಂದರೆ ನಾನು ಬಾಗಿಲು ತೆಗೆಯಬಹುದು. ಮೂಗಿನಲ್ಲಿ ಉಸಿರು ಬಿಟ್ಟರೆ ಏನೋ ಕಮ್ಮಿಯಾಗಿದೆ, ತೆಪ್ಪಗೆ ಕಾಯಬೇಕು.

ಎಲ್ಲ ಕೆಟ್ಟದ್ದು ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ. ಅತ್ತೆಗೆ ಮಾಂಸವೆಂದರೆ ಪ್ರಾಣ. ಮಾವನನ್ನು ಮದುವೆಯಾದದ್ದೇ ಅಂಗಡಿ ನೋಡಿಕೊಂಡು ಎಂದು ಅಮ್ಮ ಈಗಲೂ ಕಾಲೆಳೆಯುತ್ತಾಳೆ. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, “ಅಮ್ಮಾ, ವಾರಕ್ಕೆ ಒಂದ್ಸಲ ಸಾಕು. ಕೊಬ್ಬಂತೂ ಮುಟ್ಟಲೇಬೇಡಿ. ಮುಂದೆ ಹೃದಯಕ್ಕೆ ತೊಂದರೆ ಆಗುತ್ತೆ” ಎಂದರಂತೆ. ಅತ್ತೆ ಮನೆಗೆ ಬಂದವರೇ ಅಡುಗೆ ಮನೆಯಲ್ಲಿ ಪಾತ್ರೆ ದಡಬಡ ಮಾಡತೊಡಗಿದರು.

“ನೀನು ಬಿಟ್ಟ ದಿನ ನಾನೂ ಬಿಟ್ಟೆ ಅಂತ ತಿಳ್ಕೋ,” ಎಂದರು ಮಾವ ಬಾಗಿಲಲ್ಲಿ ನಿಂತು. “ಭಾನುವಾರ ಇಬ್ರೂ ಒಟ್ಟಿಗೆ ಕೂತು ತಿನ್ನೋಣ. ಉಳಿದ ದಿನ ಸೊಪ್ಪು, ಕಾಳು, ಏನಿದ್ಯೋ ಅದು.”

“ನೀವಾ?” ಅತ್ತೆ ಸೌಟು ಹಿಡಿದೇ ತಿರುಗಿದರು. “ಬೆಳಿಗ್ಗೆ ಎದ್ದರೆ ಬಾಣಲೆಯಿಂದಾನೇ ಶುರು ನಿಮ್ದು. ಇಲ್ಲಿ ಸೊಪ್ಪು ತಿಂದು ಅಲ್ಲಿ ಬಾಯಿ ಆಡಿಸ್ತೀರಿ. ನಾನು ಕಂಡಿಲ್ವಾ ನಿಮ್ಮನ್ನ?”

“ಇಲ್ಲ ಕಣೇ. ಅದನ್ನೂ ಬಿಡ್ತೀನಿ.”

ಅತ್ತೆ ನಂಬಲಿಲ್ಲ. ನಾನೂ ನಂಬಲಿಲ್ಲ. ಮರುದಿನ ನೋಡುತ್ತೇನೆ, ಪುಟ್ಟ ಬಾಣಲೆ ಮೊಳೆಗೆ ನೇತುಬಿದ್ದಿದೆ. ಮಾವ ಕೈಮಾ ಕಲಸಿ, ಮೂಸಿ ನೋಡಿ, ಬಾಗಿಲು ತೆಗೆ ಎಂದರು.

“ಮಾವ, ಗೋಲಿಯಷ್ಟು ತಿಂದ್ರೆ ಯಾವ ಲೆಕ್ಕ? ಅದು ಊಟನಾ?”

“ಬಾಯಿಗೆ ಹೋದ ಮೇಲೆ ತಿಂದ ಹಾಗೇ ತಾನೇ? ಸಂಜೆ ಅವಳ ಮುಖ ನೋಡೋದು ನೀನಲ್ಲ, ನಾನು.”

ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅನ್ನಕ್ಕೂ ಖಾರದ ಪುಡಿ ಉದುರಿಸಿಕೊಂಡು ತಿನ್ನುವವಳು. ತಿಂದು ನೋಡಿ, ಭೇಷ್ ಎಂದೆ. ಅಂದು ಕೈಮಾ ಕೊಂಡವರೆಲ್ಲ ಸಂಜೆಯವರೆಗೂ ನೀರು ಕುಡಿದಿರಬೇಕು. ಮಾವ ನನ್ನನ್ನು ಆ ಕೆಲಸದಿಂದ ಒಂದೇ ದಿನಕ್ಕೆ ತೆಗೆದುಹಾಕಿದರು. ಆಮೇಲೆ ಮೂಗನ್ನೂ ಕೈ ಅಂದಾಜನ್ನೂ ನಂಬಿಕೊಂಡು ಕಲಸತೊಡಗಿದರು. ಒಂದು ದಿನ ಸಪ್ಪೆ, ಇನ್ನೊಂದು ದಿನ ಗಂಟಲು ಕೆರೆಯುವಷ್ಟು ಮೆಣಸು. ಮೊದಲು ಗಿರಾಕಿಗಳು ಮುಲಾಜಿಗೆ ಸುಮ್ಮನಿದ್ದರು. ನಂತರ ಒಬ್ಬೊಬ್ಬರೇ ಬಸ್ ನಿಲ್ದಾಣದ ಪಕ್ಕ ತೆರೆದಿದ್ದ ಗಾಜಿನ ಬಾಗಿಲಿನ ಹೊಸ ಅಂಗಡಿಯ ಚೀಲ ಹಿಡಿದು ನಮ್ಮೆದುರೇ ಹಾದುಹೋಗತೊಡಗಿದರು. ಹೀಗೇ ನಡೆದರೆ ಅಂಗಡಿಗೆ ಬೀಗ ಬೀಳುತ್ತದೆ ಎಂದು ನನಗೆ ಭಯವಾಗುತ್ತಿತ್ತು.

“ಗಿರಾಕಿಗಳಿಗೆ ನಿಜ ಹೇಳಿಬಿಡಿ ಮಾವ.”

“ಏನಂತ? ಮಾಂಸದಂಗಡಿಯವನೇ ಮಾಂಸ ಕಮ್ಮಿ ಮಾಡಿದಾನೆ ಅಂತಾನಾ? ಅವನೇ ತಿನ್ನಲ್ಲ ಅಂದ್ರೆ ಅದರಲ್ಲಿ ಏನೋ ಐಬಿದೆ ಅಂತಾರೆ. ಮುಗೀತು ಕಥೆ.”

ಇತ್ತ ನಾನು ಇನ್ನೊಂದು ಗುಟ್ಟು ಬಚ್ಚಿಟ್ಟುಕೊಂಡಿದ್ದೆ. ಅತ್ತೆ ಪ್ರತಿ ಬುಧವಾರ ನಮ್ಮ ಮನೆಗೆ ಬರತೊಡಗಿದ್ದರು. ಬಂದು ಅಮ್ಮನ ಹತ್ತಿರ ಕಷ್ಟಸುಖ ಮಾತಾಡುತ್ತಾ ಗಡದ್ದಾಗಿ ಮಾಂಸದೂಟ ಮಾಡಿ ಹೋಗುತ್ತಿದ್ದರು. “ಅವರು ಅಂಗಡೀಲಿ ತಿಂದೇ ತಿಂತಾರೆ ಅತ್ತಿಗೆ, ನಾನೊಬ್ಬಳೇ ಯಾಕೆ ಸಾಯಲಿ?” ಎನ್ನುವುದು ಅವರ ವಾದ. ಮಾವ ಬಾಣಲೆ ಮುಟ್ಟಿಲ್ಲ ಎಂದು ನಾನು ಆಣೆ ಮಾಡಿ ಹೇಳಿದೆ. “ನೀನು ಅವರ ಅಕ್ಕನ ಮಗಳಲ್ವಾ, ಅವರ ಪರಾನೇ ಹೇಳ್ತೀಯ,” ಎಂದು ಇನ್ನೊಂದು ತುಂಡು ಬಡಿಸಿಕೊಂಡರು. ಅಮ್ಮನಿಗೆ ತಮ್ಮನ ಹೆಂಡತಿಗೆ ಇಲ್ಲ ಎನ್ನಲು ಬಾಯಿ ಬಾರದು. ಬುಧವಾರದ ಮಾಂಸವನ್ನು ಅಂಗಡಿಯಿಂದ ಮನೆಗೆ ಹೊರುತ್ತಿದ್ದವಳು ನಾನೇ. “ಅಮ್ಮ ಇವತ್ತು ಸ್ವಲ್ಪ ಜಾಸ್ತಿ ಬೇಕಂದ್ಲು” ಎಂದು ಗೋಡೆ ನೋಡಿಕೊಂಡು ಹೇಳುತ್ತಿದ್ದೆ. ಮಾವ ನಿಧಾನವಾಗಿ ಕತ್ತರಿಸಿ ಕಟ್ಟಿಕೊಡುತ್ತಿದ್ದರು. ಗಂಡ ಅಂಗಡಿ ಕಳೆದುಕೊಳ್ಳುತ್ತಿದ್ದಾನೆ, ಹೆಂಡತಿ ಊಟ ಹೊಡೆಯುತ್ತಿದ್ದಾಳೆ, ನಡುವೆ ಚೀಲ ಹೊರುವ ಕತ್ತೆ ನಾನು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಗಿರಾಕಿಗಳ ಮೇಲೆ ರೇಗಿ ಇದ್ದವರನ್ನೂ ಓಡಿಸುತ್ತಿದ್ದೆ.

ಹೀಗಿರುವಾಗ ಒಂದು ಮಂಗಳವಾರ ಸಂಜೆ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಯಾವ ಯಾವ ದೇಶದಲ್ಲಿ ಎಂಥ ಜನ ಮಾಂಸ ಕಡಿಮೆ ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಎಂದು ವಿಚಾರಿಸುತ್ತಿದ್ದಾಳಂತೆ. ಅವಳಂಥವರು ಹಲವು ದೇಶಗಳಲ್ಲಿ ಇದೇ ಪ್ರಶ್ನೆ ಹಿಡಿದು ತಿರುಗುತ್ತಿದ್ದಾರಂತೆ.

“ಅದಕ್ಕೆ ಇಲ್ಲಿಗ್ಯಾಕೆ ಬಂದೆ ತಾಯಿ? ತರಕಾರಿ ಅಂಗಡಿ ಆ ಕಡೆ,” ಎಂದೆ.

“ಪೂರ್ತಿ ಬಿಟ್ಟವರು ಅಲ್ಲಿ ಸಿಗ್ತಾರೆ ಅಕ್ಕಾ. ಕಡಿಮೆ ಮಾಡಿದವರು ಇಲ್ಲೇ ಅಲ್ವಾ ಸಿಗಬೇಕು?” ಎಂದು ನಕ್ಕಳು. ಹುಡುಗಿ ಚುರುಕಾಗಿದ್ದಳು, ನನಗೆ ಹಿಡಿಸಿದಳು. ಮೂಲೆಯಲ್ಲಿ ನಿಂತುಕೋ ಎಂದೆ.

ಅಂಗಡಿಯಲ್ಲಿ ಇದ್ದವರು ಒಂದು ಕೈ ಬೆರಳಲ್ಲಿ ಎಣಿಸುವಷ್ಟು ಜನ. ಮಾವನ ಮನೆಯ ಕೆಳಗಿನ ಮಹಡಿಯಲ್ಲಿರುವ ನರ್ಸಮ್ಮ, ರಾತ್ರಿ ಪಾಳಿಯಲ್ಲಿ ಹೊಟ್ಟೆ ಭಾರವಾದರೆ ತೂಕಡಿಕೆ ಬರುತ್ತದೆ, ಅದಕ್ಕೇ ಪಾಳಿ ಇರುವ ದಿನ ಮಾಂಸ ಬಿಟ್ಟೆ ಎಂದರು. ಹಿಮ ಬೀಳುವ ದೇಶದಿಂದ ಬಂದ ಎಂಜಿನಿಯರು ತಮ್ಮ ಮುರುಕು ಭಾಷೆಯಲ್ಲಿ, “ನನ್ನ ಮಗಳು. ನಾನು ಮಾಂಸ ತಿಂದ್ರೆ ಮುಖ ಆ ಕಡೆ. ಮಾತು ಇಲ್ಲ,” ಎಂದು ತಾವೇ ಮುಖ ತಿರುಗಿಸಿ ತೋರಿಸಿದರು. ಅವರ ಊರಿನಲ್ಲಿ ಮನೆಮನೆಯಲ್ಲೂ ಹೆಣ್ಣುಮಕ್ಕಳೇ ಮೊದಲು ಬಿಡುವುದಂತೆ, ಅಪ್ಪಂದಿರದು ಕೊನೆಯ ಸರದಿ. ದೂರದ ದ್ವೀಪದಿಂದ ಬಂದ ಹಡಗಿನ ಅಡುಗೆಯವನನ್ನು ಮಾತ್ರ ಆ ಪ್ರಶ್ನೆಯೇ ರೇಗಿಸಿತು. “ನಮ್ಮ ಅಜ್ಜಿ ಜೀವಮಾನವಿಡೀ ವಾರಕ್ಕೊಂದು ಸಲ ತಿಂದಳು, ಅದೂ ಸಿಕ್ಕಿದರೆ. ಅವಳನ್ನ ಯಾರೂ ಬಂದು ಯಾಕಮ್ಮ ಅಂತ ಕೇಳ್ಲಿಲ್ಲ. ಈಗ ದುಡ್ಡಿದ್ದವರು ಕಮ್ಮಿ ಮಾಡಿದ್ರೆ ವಿಚಾರಣೆ!” ಎಂದ. ಹುಡುಗಿ ತಲೆಯಾಡಿಸಿ, ಅದನ್ನೂ ಬರೆದುಕೊಂಡಳು.

ಆಮೇಲೆ ಅವಳು ಕತ್ತರಿಸುವ ದಿಮ್ಮಿಯ ಕಡೆ ತಿರುಗಿದಳು. “ಯಜಮಾನ್ರೇ, ನೀವು ವಾರಕ್ಕೆ ಎಷ್ಟು ಸಲ?”

ಎಲ್ಲರೂ ನಕ್ಕರು. ಮಾವನ ಕತ್ತಿ ನಿಂತಿತು. ದಿನಾ ಅಂದುಬಿಡಿ ಮಾವ ಎಂದು ಕಣ್ಣಲ್ಲೇ ಬೇಡಿಕೊಂಡೆ. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಎರಡೂ ಕೆಂಪಾದವು.

“ಒಂದು ಸಲ,” ಎಂದರು. “ಮನೆಯವಳಿಗೆ ಡಾಕ್ಟ್ರು ಬೇಡ ಅಂದಿದಾರೆ. ಅವಳು ಸೊಪ್ಪು ತಿನ್ನುವಾಗ ನಾನು ಎದುರಿಗೆ ಕೂತು ಮೂಳೆ ಕಡಿಯೋಕಾಗುತ್ತಾ?”

ಕ್ರೇನು ಓಡಿಸುವ ಹಳೆಯ ಗಿರಾಕಿಯೊಬ್ಬರು ಮುಂದೆ ಬಂದರು. “ಹಾಗಾದ್ರೆ ಕೈಮಾ ರುಚಿ ನೋಡೋರ್ಯಾರು?”

“ಯಾರೂ ಇಲ್ಲ.”

“ಅದಕ್ಕೇ!” ಕ್ರೇನಿನವರು ದಿಮ್ಮಿಗೆ ಗುದ್ದಿದರು. “ನಾನು ನನ್ನ ನಾಲಿಗೆಯೇ ಕೆಟ್ಟಿತು ಅಂದ್ಕೊಂಡು ಡಾಕ್ಟರಿಗೆ ತೋರಿಸಿ ಬಂದೆನಲ್ಲಯ್ಯಾ! ಬಾಯಿಬಿಟ್ಟು ಹೇಳೋಕೇನಾಗಿತ್ತು? ನಾಳೆಯಿಂದ ನಾನು ಬರ್ತೀನಿ. ನಾನು ಹೂಂ ಅನ್ನೋವರೆಗೆ ಬಾಗಿಲು ತೆಗೀಬೇಡ.”

ಐಬು ಹುಡುಕಿದವರು ಒಬ್ಬರೂ ಇರಲಿಲ್ಲ. ನರ್ಸಮ್ಮ ಕಣ್ಣೊರೆಸಿಕೊಂಡು, ತಮ್ಮ ಗಂಡ ಒಂದು ದಿನ ಕಾಫಿ ಬಿಡು ಅಂದರೂ ಬಿಡುವುದಿಲ್ಲ ಎಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎಂಜಿನಿಯರಿಗೆ ಹಡಗಿನವನ ಪೊಟ್ಟಣ ಕೊಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಬಾಣಲೆ ಮೊಳೆಯಿಂದ ಇಳಿಯಿತು. ಕ್ರೇನಿನವರು ಸ್ಟೂಲಿನ ಮೇಲೆ ನ್ಯಾಯಾಧೀಶರ ಗತ್ತಿನಲ್ಲಿ ಕುಳಿತು ಅಗಿಯುತ್ತಿದ್ದರು. ಆಗ ಅರ್ಧ ಎತ್ತಿದ್ದ ಷಟರ್ ಬಾಗಿಲಿನಡಿ ಬಗ್ಗಿ ಅತ್ತೆ ಒಳಗೆ ಬಂದರು. ನರ್ಸಮ್ಮ ಎಲ್ಲ ಹೇಳಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ.

“ರೀ, ನೀವು ನಿಜವಾಗ್ಲೂ ಬಿಟ್ಟಿದ್ರಾ?”

“ಬಿಡ್ತೀನಿ ಅಂದಿದ್ನಲ್ಲ.”

“ಅಂಗಡಿ ಹಾಳಾಗ್ತಾ ಇದ್ರೂನಾ?” ಅತ್ತೆ ಬಾಣಲೆಯ ಕಡೆ ನೋಡಿದರು. “ನಾನು ಪಾಪಿ ಕಣ್ರೀ. ನೀವು ಇಲ್ಲಿ ತಿಂತೀರಿ ಅಂದ್ಕೊಂಡು ನಾನು ಬುಧವಾರ ಬುಧವಾರ ಅತ್ತಿಗೆ ಮನೇಲಿ...” ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ಕ್ರೇನಿನವರು ಅಗಿಯುವುದನ್ನು ನಿಲ್ಲಿಸಿ ಗೋಡೆ ನೋಡತೊಡಗಿದರು. ನಾನು ನೆಲ ನೋಡಿದೆ.

ಮಾವ ಕೈ ತೊಳೆದು ಒರೆಸಿಕೊಂಡು ಬಂದರು. “ಗೊತ್ತು ಕಣೇ.”

“ಏನು ಗೊತ್ತು?”

“ಬುಧವಾರ ಮಾತ್ರ ನಮ್ಮಕ್ಕನಿಗೆ ಒಬ್ಬಳ ಪಾಲು ಜಾಸ್ತಿ ಬೇಕಾದ್ರೆ, ಅದು ಯಾರ ಪಾಲು ಅಂತ ಗೊತ್ತಾಗಲ್ವಾ? ಈ ಕೆಲಸದಲ್ಲೇ ತಲೆ ಬೆಳ್ಳಗಾಗಿದೆ. ಬೇಡ ಅಂದ್ರೆ ನೀನು ಇನ್ನೆಲ್ಲೋ ಹೋಗಿ ತಿಂತಿದ್ದೆ. ಅದಕ್ಕೇ ಬುಧವಾರದ್ದನ್ನ ಒಂದೆಳೆ ಕೊಬ್ಬು ಇಲ್ಲದ ಹಾಗೆ ಬಿಡಿಸಿ ಬಿಡಿಸಿ ಕಳಿಸ್ತಿದ್ದೆ.”

ಅತ್ತೆ ಕೈ ತೆಗೆದು ಗಂಡನ ಮುಖವನ್ನೇ ದಿಟ್ಟಿಸಿದರು. ಕೆನ್ನೆಯ ಮೇಲೆ ನೀರು ಇನ್ನೂ ಇಳಿಯುತ್ತಿತ್ತು.

“ಅಯ್ಯೋ ನಿಮ್ಮ! ಅದಕ್ಕೇ ಅಷ್ಟು ಸಪ್ಪೆ ಇತ್ತಾ? ನಾನು ಪಾಪ, ಅತ್ತಿಗೆಗೇ ಅಡುಗೆ ಬರಲ್ಲ ಅಂತ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದೆ!”

ಅಂದು ಬುಧವಾರ. ಮಧ್ಯಾಹ್ನ ಅತ್ತೆ ನಮ್ಮ ಮನೆಗೆ ಬರಲಿಲ್ಲ. ಒಂದು ಪಾತ್ರೆ ಸೊಪ್ಪಿನ ಅಡುಗೆ ಹೊತ್ತುಕೊಂಡು ಅಂಗಡಿಗೇ ಬಂದು, ಹಿಂದಿನ ಕೋಣೆಯಲ್ಲಿ ಮಾವನ ಎದುರು ಕುಳಿತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.