ಕೆಡವಿ ಕಟ್ಟಿದವರು

ತಮಗೆ ಕಂಪ್ಯೂಟರ್ ವ್ಯವಸ್ಥೆ ಕಟ್ಟಿಕೊಟ್ಟ ಇಂಜಿನಿಯರ್ ಮೇಡಂ ಒಂದು ಬಟನ್ ಒತ್ತಿ ಜಾದೂ ಮಾಡಿದರೆಂದು ಶಿರಾಳಕೊಪ್ಪದ ಕಣ್ಣಿನ ಆಸ್ಪತ್ರೆಯವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾದೂಗಾರ ಗುಟ್ಟು ಮುಚ್ಚಿಡುತ್ತಾನೆ. ಈಕೆ ಎಲ್ಲವನ್ನೂ ಬರೆದಿಟ್ಟಿದ್ದರು.

ಹಳ್ಳಿಯ ಶಿಬಿರದಲ್ಲಿ ತೆಗೆದ ಕಣ್ಣಿನ ಫೋಟೊ ಕ್ಲೌಡ್‌ಗೆ ಬಿದ್ದ ಕೂಡಲೇ ಒಂದು ಪುಟ್ಟ ಪ್ರೋಗ್ರಾಂ ತಾನೇ ಎಚ್ಚೆತ್ತು, ಅದನ್ನು ಹದಮಾಡಿ, ಶಿವಮೊಗ್ಗದ ವೈದ್ಯರಿಗೆ ಕಳಿಸಿ, ಮತ್ತೆ ಮಲಗುತ್ತಿತ್ತು. ಅದಕ್ಕೆ ಬೇಕಾದ ಜಾಗ, ಅನುಮತಿ ಎಲ್ಲವೂ, ಮನೆಯ ನಕ್ಷೆಯಂತೆ, ಆಕೆ ಬರೆದಿಟ್ಟ ಕೋಡ್‌ನಲ್ಲಿದ್ದವು. ಯಾರಾದರೂ ಸೆಟ್ಟಿಂಗ್ಸ್ ಬದಲಿಸಲು ಪರದೆಯತ್ತ ಬೆರಳು ಚಾಚಿದರೆ ಕನ್ನಡಕ ಹಣೆಗೇರಿಸಿ, "ಕೈಯಾಡಿಸಬ್ಯಾಡ್ರಿ, ಕೋಡ್‌ನಾಗ ಬರೀರಿ" ಎನ್ನುತ್ತಿದ್ದರು.

ಜಡೆ ಎಂಬ ಊರಿನ ಶಿಬಿರಕ್ಕೆ ಆಕೆಯ ಜೊತೆ ನಾನೂ ನೆರವಿಗೆ ಹೋಗಿದ್ದೆ. ಅಂದು ಒಂದು ಫೋಟೊವೂ ವೈದ್ಯರನ್ನು ತಲುಪಲಿಲ್ಲ. ಒಬ್ಬ ಅಜ್ಜಿಗೆ ಬೆಳಗಿನಿಂದ ಒಂದು ಕಣ್ಣು ಮಂಜಾಗಿತ್ತು. ತಡವಾದರೆ ಕಣ್ಣೇ ಹೋಗಬಹುದಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ ವೈದ್ಯರಿಗೆ ಮಸುಕಾಗಿ ಕಂಡಿತು. ಆಸ್ಪತ್ರೆಯ ಮ್ಯಾನೇಜರ್ ಹಿಂದಿನ ದಿನ ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸಿದ್ದರಂತೆ. ಏನು ಬದಲಿಸಿದ್ದೆಂದು ಅವರಿಗೇ ನೆನಪಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಆಕೆ ಹುಡುಕುತ್ತ ಕೂರಲಿಲ್ಲ. ಫೋಟೊಗಳನ್ನಷ್ಟೇ ಬಿಟ್ಟು, ಇಡೀ ವ್ಯವಸ್ಥೆಯನ್ನೇ ಅಳಿಸಿಹಾಕಿದರು.

"ಇದ್ದಿದ್ದನ್ನೂ ಕೆಡವಿಬಿಟ್ರಲ್ರೀ ಮೇಡಂ!" ಎಂದು ಮ್ಯಾನೇಜರ್ ಕೂಗಿದರು.

"ಗೋಡೆ ಬಿತ್ತು ಸರ್, ನಕ್ಷೆ ಐತಲ್ಲ."

ಆ ಕೋಡನ್ನು ಮತ್ತೆ ಓಡಿಸಲು ಆಕೆ ಒಂದೇ ಸಾಲು ಟೈಪ್ ಮಾಡಿದರು. ಪರದೆಯ ಮೇಲೆ ಎಲ್ಲವೂ ಒಂದೊಂದಾಗಿ ಮತ್ತೆ ಎದ್ದು ನಿಂತವು, ಆಕೆ ಬರೆದಂತೆಯೇ. ಅಜ್ಜಿಯ ಫೋಟೊ ಮತ್ತೆ ಹೋಯಿತು. ಕೈಲಿದ್ದ ಚಹಾ ಆರುವ ಮೊದಲೇ ವೈದ್ಯರ ಫೋನ್ ಬಂತು: ಈಗಲೇ ಕರೆತನ್ನಿ.

ಮಾತುಮಾತಿಗೂ ವಾದ ಹೂಡುವ ನಾನು ಮೊದಲು ಅಜ್ಜಿಯನ್ನು ಕಾರು ಹತ್ತಿಸಿದೆ. ಕಾರು ತಿರುವು ದಾಟಿದ ಮೇಲಷ್ಟೇ ಕೇಳಿದೆ:

"ಅದು ಮತ್ತೆ ಏಳದೇ ಹೋಗಿದ್ರೆ, ಆ ಅಜ್ಜಿಗೆ ಏನಂತಿದ್ರಿ ಮೇಡಂ?"