ಬಂದರಿನ ಗಡಂಗಿಗೆ ಬಂದ ಓನರಮ್ಮ

ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಹೊಸದಾಗಿ ಕರಾವಳಿ ಊಟದ ಹೋಟೆಲೊಂದು ತೆರೆದಿದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ತೆಂಗಿನೆಣ್ಣೆಯಲ್ಲಿ ಬಂಗುಡೆ ಮೀನು ಹುರಿಯುವ ವಾಸನೆ ಬಂತು. ಬೇರೆಯವರಿಗೆ ಅದರಿಂದ ಹಸಿವಾಗುತ್ತದೇನೋ. ನನಗೆ ಕುಣಿಗಲ್ಲಿನ ಓನರಮ್ಮ ನೆನಪಾದರು. ಜೀವಮಾನದಲ್ಲಿ ಮೀನು ಮುಟ್ಟದ ಹೆಂಗಸು...

ಎಂಬತ್ತರ ದಶಕದ ಮೊದಲ ವರ್ಷಗಳು. ಕುಣಿಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಐವತ್ತು ದಾಟಿದ್ದ ವಿಧವೆ, ಮಕ್ಕಳಿರಲಿಲ್ಲ. ಆ ಮನೆಯೊಳಕ್ಕೆ ಮೊಟ್ಟೆ ಕೂಡ ಬರುವಂತಿರಲಿಲ್ಲ. ಆದರೆ ಕೋಣೆ ಕೊಡುವಾಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕುಡೀತೀಯೇನಪ್ಪಾ?" ನನಗಿಂತ ಮೊದಲಿದ್ದವನ ಬಾಯಿ ಒಂದು ಸಂಜೆ ವಾಸನೆ ಹೊಡೆಯಿತೆಂದು ಅವನ ಹಾಸಿಗೆ, ಟ್ರಂಕು ಎರಡನ್ನೂ ಬೀದಿಗೆ ಇಟ್ಟಿದ್ದರಂತೆ.

ಯಾಕೆಂದು ಓಣಿಗೆಲ್ಲ ಗೊತ್ತಿತ್ತು. ಅವರ ಯಜಮಾನರು ವರ್ಗವಾಗಿ ಮಂಗಳೂರಿನಲ್ಲಿ ಒಬ್ಬರೇ ಇದ್ದವರು, ಬಂದರಿನ ಹತ್ತಿರದ ಗಡಂಗೊಂದರ ಬೆಂಚಿನ ಮೇಲೆ ಕೂತಿದ್ದಾಗಲೇ ಎದೆನೋವು ಬಂದು ತೀರಿಕೊಂಡಿದ್ದರು. ಹೆಂಡ, ಸಾರಾಯಿ ಮಾರುವ ಅಂಗಡಿಗೆ ಆ ಕಡೆ ಗಡಂಗು ಅನ್ನುತ್ತಾರೆ. ಯಜಮಾನರ ಅಣ್ಣ, ಅಂದರೆ ಓನರಮ್ಮನ ಭಾವ, ಹೋಗಿ ಅಲ್ಲೇ ಕಾರ್ಯ ಮುಗಿಸಿ ಬಂದು, ಕುಡಿದು ಸತ್ತ ಎಂದು ಹೇಳಿದರು. ಓನರಮ್ಮನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ನಾನು ಬರುವ ಹೊತ್ತಿಗೆ ಇದೆಲ್ಲ ಹತ್ತು ಹನ್ನೆರಡು ವರ್ಷ ಹಳೆಯ ಮಾತು.

ಒಂದು ದಿನ ಅವರು, "ಎರಡ್ನೇ ಶನಿವಾರ ರಜಾ ಅಲ್ವಾ? ಧರ್ಮಸ್ಥಳಕ್ಕೆ ಹೋಗ್ಬೇಕು, ಜೊತೆಗೆ ಬಾರಪ್ಪ" ಎಂದರು. ಒಪ್ಪಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಅವರೇ ಮುಂದಾಗಿ, "ಮಂಗಳೂರಿಗೆ ಎರಡು ಕೊಡಿ" ಎಂದರು. ನಾನು ಅವರ ಮುಖ ನೋಡಿದೆ.

"ಸಮುದ್ರ ನೋಡಿಲ್ಲ ಕಣಪ್ಪ ನಾನು" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಸಮುದ್ರವನ್ನೇನೋ ನೋಡಿದರು. ಸೀರೆಯ ಅಂಚು ಎತ್ತಿ ಹಿಡಿದು, ಎರಡು ಅಲೆ ಕಾಲಿಗೆ ತಾಗುವವರೆಗೆ ನಿಂತರು, ಅಷ್ಟೇ. ಆಮೇಲೆ, "ಇಲ್ಲಿ ಗಡಂಗು ಎಲ್ಲೆಲ್ಲಿದಾವೆ, ಯಾರನ್ನಾದ್ರೂ ಕೇಳು" ಎಂದರು. ಇವರ ತಲೆ ಕೆಟ್ಟಿತೋ ಏನೋ ಎಂದು ನನಗೆ ಅನಿಸಿತು.

"ಅಮ್ಮಾ, ಹೆಂಗಸ್ರು ಹೋಗೋ ಜಾಗ ಅಲ್ಲ ಅದು."

"ಗೊತ್ತು ಕಣೋ. ಅದಕ್ಕೇ ನಿನ್ನ ಕರ್ಕೊಂಡ್ ಬಂದಿರೋದು. ನಡಿ."

ಮೊದಲನೆಯ ಗಡಂಗಿಗೆ ಸೆರಗು ಹೊದ್ದುಕೊಂಡು ಅವರು ನುಗ್ಗಿದಾಗ, ತನ್ನ ಮನೆಯಿಂದಲೇ ಯಾರೋ ಬಂದರೆಂದುಕೊಂಡನೋ ಏನೋ, ಒಬ್ಬ ಗ್ಲಾಸನ್ನು ಬೆಂಚಿನ ಕೆಳಗೆ ಅಡಗಿಸಿದ. ಓನರಮ್ಮ ನೇರವಾಗಿ ಗಲ್ಲಾದ ಮುಂದೆ ನಿಂತು, "ತುಮಕೂರ್ ಕಡೆಯೋರು ಒಬ್ರು ಗಡಂಗಲ್ಲಿ ತೀರ್ಕೊಂಡ್ರು, ಬಾಳ ವರ್ಷ ಆಯ್ತು. ಇದೇ ಅಂಗಡೀನಾ?" ಎಂದರು. ಗಲ್ಲಾದಲ್ಲಿದ್ದವನು ಅಲ್ಲ ಎಂದ. ಎರಡನೆಯದು ಬಾಗಿಲಿಗೆ ಪರದೆ ಬಿಟ್ಟಿದ್ದ ಬಾರು. ಅಲ್ಲಿಯೂ ಅಲ್ಲ. ಅವರ ಹಿಂದೆ ಬ್ಯಾಗು ಹಿಡಿದುಕೊಂಡು ನಡೆಯುತ್ತಿದ್ದ ನನಗೆ ನಾಚಿಕೆಯೋ ಭಯವೋ ಮರುಕವೋ, ಒಂದೂ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅಲ್ಲೇ ಹಿಂದಿನ ಸಂದಿಯಲ್ಲಿ ಹೆಂಚಿನ ಮಾಡಿನ ಇನ್ನೊಂದು ಗಡಂಗು. ಅದನ್ನು ನಡೆಸುತ್ತಿದ್ದುದು ಒಬ್ಬ ಮುದುಕಿ. ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಆಕೆ ಒಲೆಯ ಮುಂದಿನಿಂದ ಎದ್ದುಬಂದಳು.

"ಅಯ್ಯೋ ದೇವ್ರೇ, ಅವರ ಮನೆಯವ್ರಾ ನೀವು?"

"ಹೂಂ. ದಿನಾ ಎಷ್ಟು ಕುಡೀತಿದ್ರು?"

"ಕುಡಿಯುದಾ? ಅವರು ಕುಡಿಯುವ ಜನವೇ ಅಲ್ಲ ಅಮ್ಮಾ. ಬಂಗುಡೆ ತಿನ್ಲಿಕ್ಕೆ ಬರ್ತಿದ್ದದ್ದು. ಹುರಿದ ಬಂಗುಡೆ, ಗಂಜಿ. ಮನೆಯಲ್ಲಿ ಹೇಳ್ಬೇಡಿ ಅಂತ ನಗ್ತಿದ್ರು."

ಈಗ ಅವರ ಮನಸ್ಸು ಹಗುರಾಗುತ್ತದೆ ಎಂದುಕೊಂಡೆ. ಹಾಗಾಗಲಿಲ್ಲ. ಮುಖ ಕೆಂಪಾಯಿತು.

"ಮೀನಾ? ಕುಡಿದಿದ್ರೆ ಏನೋ ಗಂಡಸ್ರ ಚಟ ಅನ್ಬೋದಿತ್ತು. ಮೀನ್ ತಿಂದ್ರಾ?" ಎಂದವರು ಹಾಗೇ ನಗತೊಡಗಿದರು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಕುಡಿಯುತ್ತಿದ್ದವರೆಲ್ಲ ಸುಮ್ಮನೆ ತಲೆ ತಗ್ಗಿಸಿ ಕೂತಿದ್ದರು.

ಕಣ್ಣೊರೆಸಿಕೊಂಡು, "ಅವ್ರಿಗೆ ಹೆಂಗ್ ಬಡಿಸ್ತಿದ್ರೋ ಹಂಗೇ ಇಡಿ" ಎಂದರು. ಮುದುಕಿ ಬಾಳೆಎಲೆಯ ತುಂಡಿನ ಮೇಲೆ ಬಿಸಿ ಮೀನು ಇಟ್ಟಳು. ಓನರಮ್ಮ ಮೂಗಿಗೆ ಹಿಡಿದಿದ್ದ ಸೆರಗನ್ನು ನಿಧಾನವಾಗಿ ತೆಗೆದರು. ತಿನ್ನಲಿಲ್ಲ, ನೋಡುತ್ತ ಕೂತರು.

"ಮುಳ್ಳಿರುತ್ತಲ್ವಾ ಇದ್ರಲ್ಲಿ? ತೆಗಿಯಕ್ಕೆ ಬರ್ತಿತ್ತಾ ಅವ್ರಿಗೆ?"

"ಮೊದಲು ನಾನೇ ಬಿಡಿಸಿ ಕೊಡ್ತಿದ್ದೆ. ಆಮೇಲೆ ಕಲಿತ್ರು."

ಓನರಮ್ಮ ಸೆರಗಿನ ಗಂಟಿನಿಂದ ದುಡ್ಡು ತೆಗೆದು ಎಲೆಯ ಪಕ್ಕ ಇಟ್ಟು ಎದ್ದರು. ಆ ರಾತ್ರಿಯ ಬಸ್ಸಿಗೇ ಕುಣಿಗಲ್ಲಿಗೆ ಹೊರಟೆವು.

ಆ ವರ್ಷದ ತಿಥಿಗೆ ಬಂದ ಭಾವ, ಎಲೆಯ ಮುಂದೆ ಕೂತು ಎಂದಿನಂತೆ, "ಕುಡ್ದು ಹಾಳಾದ, ಇಲ್ದಿದ್ರೆ ಇವತ್ತು ಇರ್ತಿದ್ದ" ಎಂದರು. ಬಡಿಸುತ್ತಿದ್ದ ಓನರಮ್ಮ ನಿಂತರು.

"ಅವ್ರು ಕುಡೀತಿರ್ಲಿಲ್ಲ ಭಾವ."

"ಹಂಗಾದ್ರೆ ಅಲ್ಲೇನ್ ಕೆಲ್ಸ ಇತ್ತಮ್ಮ ಅವ್ನಿಗೆ?"

ಎಲ್ಲರ ಕೈಯೂ ನಿಂತಿತು, ಕೊನೆಯ ಎಲೆಯ ಮುಂದೆ ಕೂತಿದ್ದ ನನ್ನದೂ. ಓನರಮ್ಮ, "ಹಸಿವಾಗ್ತಿತ್ತು" ಎಂದು ಹೇಳಿ ಸಾರಿನ ಪಾತ್ರೆಯೊಂದಿಗೆ ಮುಂದಿನ ಎಲೆಗೆ ಹೋದರು.

ಮುಂದೆ ನನಗೆ ಗುಬ್ಬಿಗೆ ವರ್ಗವಾಯಿತು. ಹೇಳಿ ಹೋಗಲು ಒಳಮನೆಗೆ ಹೋದಾಗ ಕಾಫಿ ಕೊಟ್ಟು, ಯಾವುದೋ ಮಾತಿನ ಮಧ್ಯೆ ಕೇಳಿದರು: "ಮನೇಲಿ ಹೇಳ್ಬೇಡಿ ಅಂದಿದ್ರಂತಲ್ಲಪ್ಪ. ಹೇಳಿದ್ರೆ ನಾನೇನ್ ಮಾಡ್ತಿದ್ದೆ ಅಂತೀಯಾ? ಮನೆ ಬಿಟ್ ಓಡಿಸ್ತಿದ್ನಾ?"

"ಇಲ್ಲಮ್ಮ" ಎಂದೆ.

"ನಂಗೇ ಗೊತ್ತಿಲ್ಲ. ನಿಂಗೆಂಗ್ ಗೊತ್ತು?" ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಅವರು ತೀರಿಕೊಂಡ ಸುದ್ದಿ ನನಗೆ ಎಷ್ಟೋ ತಿಂಗಳ ಮೇಲೆ ಯಾರದೋ ಬಾಯಿಂದ ತಿಳಿಯಿತು. ಆ ಮನೆಯೂ ಈಗಿಲ್ಲ. ಅವತ್ತಿನ ಅವರ ವಯಸ್ಸನ್ನು ನಾನು ದಾಟಿ ಬಹಳ ಕಾಲವಾಗಿದೆ. ನಿಜ ತಿಳಿದು ಅವರಿಗೆ ನೆಮ್ಮದಿಯಾಯಿತೋ, ಇದ್ದ ಸಿಟ್ಟೂ ಕೈತಪ್ಪಿ ಬರಿಗೈಯಾದರೋ... ಅವತ್ತೇ ಕೇಳಬಹುದಿತ್ತು. ಈಗ ಕೇಳೋಣವೆಂದರೆ ಅವರಿಲ್ಲ.